ಎಡ ಅಂಚಿನ ಹಾಳೆ

ಚಂಪಾಗೆ ಎಂಟು ವರ್ಷವಾಗಿದ್ದಾಗ, ಒಂದು ಜಡಿಮಳೆಯ ಬೆಳಿಗ್ಗೆ, ಹೊಳೆಸಾಲು ಪೇಪರ್ ಮಿಲ್ಲಿನ ಎರಡನೇ ಮಶೀನಿನ ಪಕ್ಕ ನಿಂತು ಅವಳು ಒಂದು ಪ್ರಶ್ನೆ ಕೇಳಿದ್ದಳು. ಈ ಕಥೆಯೆಲ್ಲ ಹುಟ್ಟಿದ್ದು ಆ ಪ್ರಶ್ನೆಯಿಂದ.

ಆಗ ಮಿಲ್ಲಿನ ವಸತಿಯ ಮಕ್ಕಳಿಗೆ ಇದ್ದುದೇ ಒಂದೊಂದು ಜೊತೆ ಶಾಲೆಯ ಬಟ್ಟೆ. ಮಳೆಗಾಲದಲ್ಲಿ ರಾತ್ರಿ ಒಗೆದದ್ದು ಬೆಳಿಗ್ಗೆಗೆ ಒಣಗುತ್ತಿರಲಿಲ್ಲ. ಡ್ರೈಯರ್ ವಿಭಾಗದ ಮಾದಯ್ಯ ಆ ಒದ್ದೆ ಬಟ್ಟೆಗಳನ್ನು ಇಸಿದುಕೊಂಡು ಮಶೀನಿನ ಬೆಚ್ಚಗಿನ ಕಂಬಿಗಳ ಮೇಲೆ ಹರವುತ್ತಿದ್ದ. ಯಾರೂ ಅವನಿಗೆ ಹೇಳಿದ ಕೆಲಸವಲ್ಲ ಅದು. ಹತ್ತು ನಿಮಿಷದಲ್ಲಿ ಬಟ್ಟೆ ಹಪ್ಪಳದಂತೆ ಗರಿಗರಿಯಾಗುತ್ತಿತ್ತು. ಆದರೆ ಕಾಲರು ಮತ್ತು ಜೇಬಿನ ಹೊಲಿಗೆ ಮಾತ್ರ ಒದ್ದೆಯಾಗಿಯೇ ಉಳಿಯುತ್ತಿತ್ತು. ಅದನ್ನು ಒಣಗಿಸಲು ಇನ್ನಷ್ಟು ಹೊತ್ತು ಬಿಟ್ಟರೆ ಬೆನ್ನಿನ ಕಡೆ ಕಂದುಗಟ್ಟುತ್ತಿತ್ತು.

"ಮಾವ, ಬರೀ ಒದ್ದೆ ಇರೋ ಕಡೆಗೇ ಬಿಸಿ ಹೋಗೋ ಹಂಗೆ ಮಾಡಕ್ಕಾಗಲ್ವಾ?" ಎಂದು ಚಂಪಾ ಕೇಳಿದ್ದಳು.

ಮಾದಯ್ಯ ಮಶೀನಿನ ಸದ್ದನ್ನೂ ಮೀರಿ ನಕ್ಕಿದ್ದ. "ಬಿಸಿಗೇನು ಕಣ್ಣಿದ್ದದಾ ಕೂಸು? ದೊಡ್ಡೋಳಾದ್ಮೇಲೆ ನೀನೇ ಮಾಡ್ಕೊಡು. ನಾ ಇಲ್ಲೇ ಕುಂತ್ಕಂಡು ನೋಡ್ತೀನಿ."

ಇಪ್ಪತ್ತಾರು ವರ್ಷದ ಮೇಲೆ ಅವಳು ಅಂಥ ಬಿಸಿಯನ್ನು ಮಾಡಿಕೊಂಡು ಅದೇ ಜಾಗಕ್ಕೆ ಬಂದಳು.

ಆ ಹೊತ್ತಿಗೆ ಕಾಲ ಬದಲಾಗಿತ್ತು. ನಾಲೆಗಳ ಮೇಲೆಲ್ಲ ಸೌರಫಲಕಗಳನ್ನು ಹೊದಿಸಿ ನಾಡು ಹಗಲಿನ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುತ್ತಿತ್ತು. ಏಳನೇ ತರಗತಿಯವರೆಗೆ ಮಕ್ಕಳು ಪರದೆ ಬಿಟ್ಟು ಕಾಗದದ ಮೇಲೇ ಬರೆಯಬೇಕೆಂಬ ನಿಯಮ ಬಂದು, ಮುಚ್ಚಿಹೋಗಲಿದ್ದ ಮಿಲ್ಲುಗಳಿಗೆ ಮತ್ತೆ ಉಸಿರು ಬಂದಿತ್ತು. ಆದರೆ ಕಲ್ಲಿದ್ದಲಿನ ಬಾಯ್ಲರುಗಳೆಲ್ಲ ಬರುವ ಯುಗಾದಿಗೆ ನಿಲ್ಲಬೇಕಿತ್ತು. ಹೊಳೆಸಾಲು ಮಿಲ್ಲು ಭತ್ತದ ಹೊಟ್ಟು ಉರಿಸುವ ಹೊಸ ಬಾಯ್ಲರನ್ನು ಕಟ್ಟಿಸಿಕೊಂಡಿತ್ತು. ಅದು ಕೊಡುವ ಉಗಿ ಹಳೆಯದಕ್ಕಿಂತ ಕಡಿಮೆ. ಎರಡನೇ ಮಶೀನು ತನ್ನ ಉಗಿಯಲ್ಲಿ ಎಂಟರಲ್ಲೊಂದು ಪಾಲು ಬಿಟ್ಟುಕೊಟ್ಟರೆ ಎರಡೂ ಮಶೀನು ಓಡುತ್ತವೆ. ಇಲ್ಲದಿದ್ದರೆ ಎರಡನೆಯದನ್ನು ಕತ್ತರಿಸಿ ಗುಜರಿಗೆ ಹಾಕುವುದು, ಅದನ್ನು ನಂಬಿದ ನೂರನಲವತ್ತು ಮಂದಿ ಬೇರೆ ದಾರಿ ನೋಡಿಕೊಳ್ಳುವುದು. ಲೆಕ್ಕ ಅಷ್ಟು ಸರಳವಾಗಿತ್ತು.

ಕಾಗದ ಮಾಡುವುದೆಂದರೆ ಅರ್ಧಕ್ಕರ್ಧ ನೀರು ಓಡಿಸುವ ಕೆಲಸ. ಗಂಜಿಯಂಥ ತಿರುಳು ಜಾಲರಿಯ ಮೇಲೆ ಹರಿದು, ರೋಲರುಗಳ ನಡುವೆ ಹಿಂಡಿಸಿಕೊಂಡು, ಆಮೇಲೆ ಮೂವತ್ತೆಂಟು ಕಬ್ಬಿಣದ ಉರುಳೆಗಳ ಮೇಲೆ ಹಾವಿನಂತೆ ಹತ್ತಿ ಇಳಿದು ಓಡುತ್ತದೆ. ಉರುಳೆಗಳ ಹೊಟ್ಟೆಯಲ್ಲಿ ಉಗಿ. ಮೊದಮೊದಲ ನೀರು ಸುಲಭವಾಗಿ ಹೋಗುತ್ತದೆ. ಕೊನೆಯ ಹನಿಗಳು ನಾರಿನ ಒಳಗೆ ಅವಿತುಕೊಂಡು ಹಟ ಹಿಡಿಯುತ್ತವೆ. ಜೊತೆಗೆ ಎರಡನೇ ಮಶೀನಿಗೆ ಒಂದು ಹಳೆಯ ಕಾಯಿಲೆ ಇತ್ತು. ಹಾಳೆಯ ಎಡ ಅಂಚಿನಲ್ಲಿ ಗೇಣಗಲದ ಒಂದು ಪಟ್ಟಿ ಯಾವಾಗಲೂ ಒದ್ದೆ. ಎಷ್ಟು ಜನ ಇಂಜಿನಿಯರುಗಳು ಬಂದರೂ ಅದು ಹೋಗಿರಲಿಲ್ಲ. ಆ ಗೇಣಗಲವನ್ನು ಒಣಗಿಸಲೆಂದು ಮೂರು ಮೀಟರ್ ಅಗಲದ ಹಾಳೆಯನ್ನೆಲ್ಲ ಅತಿಯಾಗಿ ಒಣಗಿಸುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು. ಚಂಪಾಳ ಶಾಲೆಯ ಬಟ್ಟೆಯ ಕಾಲರಿನದೇ ಕಥೆ.

ಚಂಪಾ ತಂದದ್ದು ಉದ್ದನೆಯ ಒಂದು ಉಕ್ಕಿನ ಪೆಟ್ಟಿಗೆ. ಉರುಳೆಗಳ ಸಾಲು ಮುಗಿದ ಮೇಲೆ, ಹಾಳೆ ಅದರೊಳಗೆ ತೂರಿ ಹೋಗುತ್ತದೆ. ಒಳಗೆ ನೂರಿಪ್ಪತ್ತು ಪುಟ್ಟ ಬಾಯಿಗಳು. ಪ್ರತಿಯೊಂದು ಬಾಯಿಯೂ ಅಡುಗೆಮನೆಯ ಓವನ್ನಿನಲ್ಲಿರುವಂಥದೇ ಮೈಕ್ರೋವೇವ್ ಅಲೆಯನ್ನು ಹೊರಡಿಸುತ್ತದೆ. ಆ ಅಲೆ ನೀರನ್ನು ಹಿಡಿದು ಅಲುಗಿಸಿ ಕಾಯಿಸುತ್ತದೆ, ಒಣ ನಾರನ್ನು ಹೆಚ್ಚುಕಡಿಮೆ ಅದರ ಪಾಡಿಗೆ ಬಿಡುತ್ತದೆ. ಇಷ್ಟು ಮೊದಲೇ ಎಲ್ಲರಿಗೂ ತಿಳಿದಿದ್ದದ್ದು. ಚಂಪಾ ಹೊಸದಾಗಿ ಮಾಡಿದ್ದೇನೆಂದರೆ, ಪ್ರತಿ ಬಾಯಿಯ ಪಕ್ಕದಲ್ಲೂ ಒಂದು ಕಿವಿ ಇಟ್ಟಿದ್ದಳು. ಹಾಳೆಗೆ ತಗುಲಿ ಎಷ್ಟು ಅಲೆ ಮರಳಿ ಬಂತು ಎಂದು ಆ ಕಿವಿ ಕೇಳಿಸಿಕೊಂಡು, ಅಲ್ಲಿ ನೀರೆಷ್ಟಿದೆ ಎಂದು ಲೆಕ್ಕಹಾಕಿ, ಅಷ್ಟಕ್ಕೆ ತಕ್ಕಷ್ಟೇ ಶಾಖ ಕೊಡುತ್ತಿತ್ತು.

"ಕಣ್ಣಿಲ್ಲ ಮಾವ, ಕಿವಿ ಇಟ್ಟಿದ್ದೀನಿ," ಎಂದಿದ್ದಳು ಮಾದಯ್ಯನಿಗೆ.

ಮಾದಯ್ಯ ಈಗ ಡ್ರೈಯರ್ ವಿಭಾಗದ ಮೇಸ್ತ್ರಿ. ಮೀಸೆ ಬೆಳ್ಳಗಾಗಿತ್ತು. ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಮದುವೆಗೆ ನಿಂತ ಹುಡುಗಿಯ ಗಲ್ಲ ಸವರುವಂತೆ ಅದರ ಮೈ ಸವರಿ, "ಚೆನ್ನಾಗದೆ," ಎಂದಿದ್ದ.

ಮಿಲ್ಲಿನ ಮುಖ್ಯಸ್ಥ ಗಫಾರ್ ಸಾಹೇಬರು ಮಾತ್ರ ಸುಮ್ಮನೆ ಒಪ್ಪುವವರಲ್ಲ. "ಏನಮ್ಮಾ, ಅದೇ ಶಾಖಕ್ಕೆ ಕರೆಂಟು ಉಗಿಗಿಂತ ಎರಡೂವರೆ ಪಟ್ಟು ದುಬಾರಿ. ದುಬಾರಿ ಸಾಮಾನು ತಂದು ಉಳಿತಾಯ ಅಂತೀರಲ್ಲ, ಇದ್ಯಾವ ಲೆಕ್ಕ?" ಎಂದು ಕೇಳಿದ್ದರು.

"ಸಾಹೇಬ್ರೆ, ಮದುವೆ ಮನೇಲಿ ಅನ್ನ ಸೌದೆ ಒಲೆ ಮೇಲೇ ಬೇಯುತ್ತೆ. ಒಗ್ಗರಣೆಗೆ ಮಾತ್ರ ಗ್ಯಾಸ್ ಹಚ್ತಾರೆ. ಒಂದು ಸೌಟು ಒಗ್ಗರಣೆಗೆ ಅಂತ ಯಾರೂ ಕೊಪ್ಪರಿಗೆ ಒಲೆ ಉರಿಸಲ್ಲ. ನೀರಿನ ದೊಡ್ಡ ಪಾಲು ಉಗೀನೇ ತೆಗೀಲಿ. ಹಾಳೇಲಿ ನೂರಕ್ಕೆ ಹದಿನೈದು ಪಾಲು ನೀರು ಉಳಿದಾಗ ನನ್ನ ಪೆಟ್ಟಿಗೆಗೆ ಬಿಡಿ. ನಾನು ಅದನ್ನ ಏಳಕ್ಕೆ ಇಳಿಸ್ತೀನಿ, ಈ ಅಂಚಿಂದ ಆ ಅಂಚಿನವರೆಗೆ ಒಂದೇ ಸಮ. ಕೊನೆ ಉರುಳೆಗಳು ಸುಮ್ಮನೆ ಕುಡಿಯೋ ಉಗಿ ಉಳಿಯುತ್ತೆ."

"ಒಗ್ಗರಣೆ ಸೀದುಹೋದ್ರೆ?"

"ಹದಿನೈದು ದಿನ ಕೊಡಿ. ಸೀದರೆ ನಾನೇ ತಿಂತೀನಿ."

ಸಾಹೇಬರು ನಗಲಿಲ್ಲ, ಆದರೆ ಹದಿನೈದು ದಿನ ಕೊಟ್ಟರು.

ಒಂಬತ್ತು ದಿನ ಕಳೆಯುವಷ್ಟರಲ್ಲಿ ಒಗ್ಗರಣೆ ಸೀದೇಹೋಯಿತು ಎಂದು ಮಿಲ್ಲಿನಲ್ಲೆಲ್ಲ ಮಾತಾಯಿತು.

ಪೆಟ್ಟಿಗೆ ಓಡುತ್ತಿತ್ತು, ಕಾಗದವೂ ಬರುತ್ತಿತ್ತು. ಆದರೆ ಬಾಯ್ಲರಿನ ಮೀಟರಿನಲ್ಲಿ ಉಗಿಯ ಖರ್ಚು ಒಂದು ಗುಲಗಂಜಿಯಷ್ಟೂ ಇಳಿದಿರಲಿಲ್ಲ. ಎರಡೂ ಮಶೀನಿಗೆ ಸೇರಿ ಅದೊಂದೇ ಮೀಟರು. ಒಂದನೇ ಮಶೀನಿನಲ್ಲಿ ದಪ್ಪ ಕಾಗದ ಓಡುತ್ತಿದೆ, ಅದಕ್ಕೇ ಇರಬೇಕೆಂದು ಮೊದಲ ಮೂರು ದಿನ ಎಲ್ಲರೂ ಸಮಾಧಾನ ಮಾಡಿಕೊಂಡರು. ಆಮೇಲೆ ಅದೂ ಸಾಕಾಯಿತು. ಉಗಿಯ ಖರ್ಚು ಇದ್ದಷ್ಟೇ, ಅದರ ಮೇಲೆ ಕರೆಂಟಿನ ಖರ್ಚು ಬೇರೆ.

"ಒಲೆಯೂ ಉರೀತಾ ಇದೆ, ಗ್ಯಾಸೂ ಉರೀತಾ ಇದೆ, ಊಟ ಮಾತ್ರ ಅಷ್ಟೇ ಮಂದಿಗೆ," ಎಂದರು ಗಫಾರ್ ಸಾಹೇಬರು. ಅವರ ದನಿಯಲ್ಲಿ ಕುಹಕಕ್ಕಿಂತ ಬೇಸರವೇ ಹೆಚ್ಚಾಗಿತ್ತು.

ಚಂಪಾ ಕಂಟ್ರೋಲ್ ರೂಮಿನ ಪರದೆಯ ಮುಂದೆ ಕುಳಿತು ನೂರಿಪ್ಪತ್ತು ಗೆರೆಗಳನ್ನು ದಿಟ್ಟಿಸಿದಳು. ಪೆಟ್ಟಿಗೆಯ ಕಿವಿಗಳು ಒಂದೇ ಸಮನೆ ಹೇಳುತ್ತಿದ್ದವು: ಒಳಗೆ ಬರುತ್ತಿರುವ ಹಾಳೆಯಲ್ಲಿ ನೀರು ಹದಿನೈದು ಪಾಲಲ್ಲ, ಬರೀ ಆರು. ಮೊದಲ ದಿನ ಹನ್ನೆರಡು ಎಂದಿದ್ದವು, ಮರುದಿನ ಹತ್ತು, ಈಗ ಆರು. ಆದರೆ ಉರುಳೆಗಳ ಗೋಡೆಯ ಮೇಲಿನ ಹಿತ್ತಾಳೆಯ ಗೇಜು, ಉಗಿಯ ಒತ್ತಡವನ್ನು ಒಪ್ಪಿದಷ್ಟೇ ಇಳಿಸಿದ್ದೇವೆ ಎನ್ನುತ್ತಿತ್ತು. ಅಷ್ಟು ಒತ್ತಡಕ್ಕೆ ಹಾಳೆಯಲ್ಲಿ ಹದಿನೈದು ಪಾಲು ನೀರಿರಲೇಬೇಕು. ಇಬ್ಬರು ಸಾಕ್ಷಿಗಳಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದರು.

ಗೇಜು ಐವತ್ತು ವರ್ಷದಿಂದ ಅಲ್ಲೇ ಇತ್ತು. ಪೆಟ್ಟಿಗೆ ಬಂದು ಒಂಬತ್ತು ದಿನ. ಮಿಲ್ಲಿನವರು ಗೇಜನ್ನು ನಂಬಿದರು. ಚಂಪಾಳೂ ಗೇಜನ್ನೇ ನಂಬಿದಳು. ದಿನಕ್ಕೆರಡು ಸಲ ಪೆಟ್ಟಿಗೆಯ ಕಿವಿಗಳನ್ನು ಬಿಚ್ಚಿ, ಒರೆಸಿ, ಮತ್ತೆ ಹದಗೊಳಿಸಿದಳು. ಅವು ಮತ್ತೆ ಅದನ್ನೇ ಹೇಳಿದವು. ಬರುವ ಹಾಳೆಯನ್ನು ನೇರವಾಗಿ ಪರೀಕ್ಷಿಸೋಣವೆಂದರೆ, ಉರುಳೆಗೂ ಪೆಟ್ಟಿಗೆಗೂ ನಡುವೆ ಅಷ್ಟು ವೇಗದಲ್ಲಿ ಓಡುವ ಹಾಳೆಗೆ ಕೈ ಹಾಕಲಾಗುವುದಿಲ್ಲ. ಹಾಳೆ ತಾನಾಗಿ ಹರಿದಾಗ ಅಲ್ಲಿ ರಾಶಿ ಬೀಳುತ್ತದೆ ನಿಜ, ಆದರೆ ಅದನ್ನು ಲ್ಯಾಬಿಗೆ ಒಯ್ಯುವಷ್ಟರಲ್ಲಿ ಕಾಗದ ಗಾಳಿಯ ತೇವ ಕುಡಿದು ಸುಳ್ಳು ಲೆಕ್ಕ ಕೊಡುತ್ತದೆ.

ಆ ದಿನಗಳಲ್ಲಿ ಮಾದಯ್ಯನ ಕಡೆಯವರು ಅವಳನ್ನು ಎಷ್ಟು ಜೋಪಾನವಾಗಿ ನೋಡಿಕೊಂಡರೆಂದರೆ, ಅವಳಿಗೆ ಇನ್ನಷ್ಟು ಸಂಕಟವಾಗುತ್ತಿತ್ತು. ಬೆಳಗಿನ ಪಾಳಿಯವರು ಅವಳ ಕುರ್ಚಿಯ ಮೇಲೆ ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಮಧ್ಯಾಹ್ನದ ಪಾಳಿಯ ಜೋಸೆಫ್, ಅವಳು ಬರುವ ಮೊದಲೇ ಪರದೆಯ ದೂಳು ಒರೆಸಿಡುತ್ತಿದ್ದ. ರಾತ್ರಿ ಪಾಳಿಯ ಮರಿಸ್ವಾಮಿ ಎದುರಾದಾಗಲೆಲ್ಲ, "ಯೋಚ್ನೆ ಮಾಡ್ಬ್ಯಾಡಿ ಮೇಡಂ, ನಾವಿದ್ದೀವಿ," ಎನ್ನುತ್ತಿದ್ದ.

ಒಂಬತ್ತನೆಯ ದಿನ ಸಂಜೆ ಐದಕ್ಕೆ ಹಾಳೆ ಹರಿಯಿತು. ಪೆಟ್ಟಿಗೆಗೆ ಹೋಗುವ ಮೊದಲು ರಾಶಿ ಬಿದ್ದ ಕಾಗದದಿಂದ ಚಂಪಾ ಒಂದು ತುಂಡನ್ನು ಕಿತ್ತು, ಮಡಿಸದೆ ಸುರುಳಿ ಸುತ್ತಿ ಚೀಲದೊಳಗೆ ಇಟ್ಟುಕೊಂಡಳು. ಯಾಕೆಂದು ಅವಳಿಗೇ ಗೊತ್ತಿರಲಿಲ್ಲ. ಪಾತ್ರೆಗೂಡಿಗೆ ಹಾಸಲು ಅಮ್ಮನಿಗೆ ಇಂಥ ಕಾಗದ ಯಾವಾಗಲೂ ಬೇಕಾಗುತ್ತಿತ್ತು, ಅಷ್ಟೆ.

ಅವಳ ತಾಯಿ ಚಿಕ್ಕತಾಯಮ್ಮ ಮಿಲ್ಲಿನ ಎಣಿಕೆ ಹಾಲಿನಲ್ಲಿ ಮೂವತ್ತು ವರ್ಷ ಕಾಗದ ಎಣಿಸಿ, ಎರಡು ವರ್ಷದ ಹಿಂದೆ ನಿವೃತ್ತಿಯಾಗಿದ್ದಳು. ಆ ಹಾಲಿನ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಐನೂರು ಹಾಳೆಯ ಕಟ್ಟನ್ನು ಬೀಸಣಿಗೆಯಂತೆ ಹರವಿ, ಎಣಿಸಿ, ಕೊಳಕು ಹಾಳೆ ತೆಗೆದ ಮೇಲೆ, ಮೇಲಿನ ಹಾಳೆಯ ಮೂಲೆಯನ್ನು ಹೆಬ್ಬೆರಳಿನಿಂದ ಒಂದಿಷ್ಟು ಮಡಿಸುವುದು. ಅದೇ ಅವರ ರುಜು, ಅದೇ ಪರೀಕ್ಷೆ. ಹದವಾಗಿ ಒಣಗಿದ ಕಾಗದ ಸದ್ದಿಲ್ಲದೆ ಮಡಿದುಕೊಳ್ಳುತ್ತದೆ. ಅತಿಯಾಗಿ ಒಣಗಿದ್ದು ಚಟ್ ಎನ್ನುತ್ತದೆ, ಮಡಿಕೆಯ ಗೆರೆಯಲ್ಲಿ ನಾರು ಒಡೆದು ಬೆಳ್ಳಗೆ ತೋರುತ್ತದೆ. ಆಮೇಲೆ ಅದೆಷ್ಟು ತೇವ ಕುಡಿದರೂ ಆ ಒಡಕು ಹೋಗುವುದಿಲ್ಲ. ಚಿಕ್ಕತಾಯಮ್ಮ ಮೂಲೆ ಮಡಿಸಿದ ಕಟ್ಟನ್ನು ಯಾವ ಊರಿನ ವ್ಯಾಪಾರಿಯೂ ಬಿಚ್ಚಿ ನೋಡುತ್ತಿರಲಿಲ್ಲ.

ಚಂಪಾ ಇಂಜಿನಿಯರಿಂಗ್ ಮುಗಿಸಿ ಪದವಿಯ ಪತ್ರ ತಂದು ತೋರಿಸಿದಾಗ, ಅಮ್ಮ ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಉಜ್ಜಿ, "ಕಾಗದ ನಮ್ ಮಿಲ್ಲಿಂದಲ್ಲ," ಎಂದು ಮೂಲೆ ಮಡಿಸದೆ ವಾಪಸು ಕೊಟ್ಟಿದ್ದಳು. ಅದು ತಮಾಷೆಯೋ ನಿಜವೋ ಇವತ್ತಿಗೂ ಚಂಪಾಗೆ ಗೊತ್ತಿಲ್ಲ.

ಆ ಸಂಜೆ ಅಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಮಗಳ ಮುಖ ನೋಡಿ, ತಟ್ಟೆಗೆ ಮುದ್ದೆ ಇಟ್ಟು, ಸೊಪ್ಪಿನ ಸಾರಿನಲ್ಲಿ ಅವಳಿಗಿಷ್ಟವಾದ ಬೆಂದ ಬೆಳ್ಳುಳ್ಳಿಯನ್ನೆಲ್ಲ ಹುಡುಕಿ ತೆಗೆದು ಅವಳ ಕಡೆಗೆ ಬಡಿಸಿದಳು. ಊಟ ಮುಗಿದ ಮೇಲೆ ಚೀಲದಿಂದ ಇಣುಕುತ್ತಿದ್ದ ಸುರುಳಿಯನ್ನು ಎಳೆದುಕೊಂಡಳು.

ಅವಳ ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ. ಹಾಳೆಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದಳು. ಆಮೇಲೆ ಮೂಲೆಯನ್ನು ಹೆಬ್ಬೆರಳಿನಿಂದ ಮಡಿಸಿದಳು.

ಚಟ್.

"ಥೂ! ಇದ್ಯಾವನು ಇದ್ನ ಹಿಂಗೆ ಹುರ್ದವ್ನು?" ಎಂದಳು ಚಿಕ್ಕತಾಯಮ್ಮ. "ಕಳ್ಳೇಕಾಯಿ ಸಿಪ್ಪೆ ಆಗದೆ. ನಿನ್ನ ಪೆಟ್ಟಿಗೇದಾ?"

"ಅಲ್ಲಮ್ಮ. ಪೆಟ್ಟಿಗೆಗೆ ಹೋಗೋಕೆ ಮುಂಚಿನದು."

"ಮುಂಚಿಂದಾ?" ಅಮ್ಮ ಇನ್ನೊಂದು ಮೂಲೆ ಮಡಿಸಿದಳು. ಚಟ್. "ಹಂಗಾದ್ರೆ ನಿನ್ನ ಪೆಟ್ಟಿಗೆಗೆ ಅಂತ ಉಳ್ಸಿರೋದೇನು ಕೂಸು? ಎಲ್ರೂ ಉಂಡು ತೊಳ್ದಿಟ್ಟ ಪಾತ್ರೆ ಮುಂದೆ ಅದ್ನ ಊಟಕ್ಕೆ ಕುಂಡ್ರಿಸಿದ್ದೀಯಾ?"

ಚಂಪಾ ತಟ್ಟೆಯ ಮುಂದೆಯೇ ಕೈ ಒಣಗಿಸಿಕೊಂಡು ಕುಳಿತುಬಿಟ್ಟಳು. ಒಂಬತ್ತು ದಿನದಿಂದ ಅವಳ ಪೆಟ್ಟಿಗೆ ನಿಜ ಹೇಳುತ್ತಿತ್ತು. ಬರುವ ಹಾಳೆಯಲ್ಲಿ ನೀರಿಲ್ಲ, ನೀರಿಲ್ಲ ಎಂದು ನೂರಿಪ್ಪತ್ತು ಬಾಯಿಯಿಂದ ಹೇಳುತ್ತಿತ್ತು. ಅದನ್ನು ಹೆತ್ತವಳೇ ಅದರ ಕಿವಿ ಹಿಂಡಿದ್ದಳು.

"ಗೇಜು ಸರಿಯಾಗೇ ಇದೆಯಲ್ಲಮ್ಮ."

"ಗೇಜು ನೋಡಿ ನಾ ಮೂವತ್ತು ವರ್ಷ ಕೆಲ್ಸ ಮಾಡ್ನಿಲ್ಲ. ಬೆಳಿಗ್ಗೆ ಹೋಗಿ ಪೈಪು ಮುಟ್ಟಿ ನೋಡು. ಎಲ್ಲಾ ಪೈಪೂವ."

ಮರುದಿನ ಆರು ಗಂಟೆಗೆ, ಪಾಳಿ ಬದಲಾಗುವ ಹೊತ್ತಿಗೆ, ಚಂಪಾ ಡ್ರೈಯರ್ ವಿಭಾಗದ ನೆಲಮಾಳಿಗೆಗೆ ಇಳಿದಳು. ಒಂದೊಂದೇ ಪೈಪಿನ ಹತ್ತಿರ ಅಂಗೈ ಹಿಡಿಯುತ್ತ ಹೋದಳು. ಗೇಜನ್ನು ತಪ್ಪಿಸಿಕೊಂಡು ಕೊನೆಯ ಹನ್ನೆರಡು ಉರುಳೆಗಳಿಗೆ ಉಗಿ ಒಯ್ಯುವ ಒಂದು ಹಳೆಯ ಬೈಪಾಸ್ ಪೈಪಿತ್ತು. ನಕ್ಷೆಯಲ್ಲಿ ಅದರ ಮೇಲೆ 'ಬಂದ್' ಎಂದು ಬರೆದಿತ್ತು. ಅದು ಕೈ ಹಿಡಿಯಲಾಗದಷ್ಟು ಸುಡುತ್ತಿತ್ತು. ಯಾರೋ ಅದರ ಮೇಲೆ ನಾರಿನ ಹಗ್ಗವನ್ನು ಒತ್ತಾಗಿ, ಅಚ್ಚುಕಟ್ಟಾಗಿ ಸುತ್ತಿ, ಯಾರ ಕೈಗೂ ತಾಗದಂತೆ ಮಾಡಿದ್ದರು.

"ಸುಟ್ಕಂಡೀಯೆ, ಈ ಕಡೆ ಬಾವ್ವ," ಎಂದು ಹಿಂದಿನಿಂದ ದನಿ ಬಂತು. ಮಾದಯ್ಯ ಮೆಟ್ಟಿಲ ಮೇಲೆ ನಿಂತಿದ್ದ.

ಚಂಪಾ ತಿರುಗಿದಳು. "ಮಾವ, ಈ ವಾಲ್ವ್ ತೆಗೆದದ್ದು ಯಾರು?"

ಮಾದಯ್ಯ ತಲೆಯ ಮೇಲಿನ ಟವೆಲ್ಲು ತೆಗೆದು ಕೈಗೆ ಸುತ್ತಿಕೊಂಡ. ಮತ್ತೆ ಬಿಚ್ಚಿದ. "ನಾನೇಯ."

"ಯಾಕೆ?"

"ಯಾಕೆ ಅಂದ್ರೆ... ಮೊದಲ್ನೇ ದಿನ ನೀನು ಉಗಿ ಇಳ್ಸು ಅಂದೆ. ಇಳ್ಸಿದೆ. ಎಡ ಅಂಚು ನೀರು ಸುರೀತಾ ಬಂತು. ಸಾಹೇಬ್ರು ಅಲ್ಲೇ ನಿಂತಿದ್ರು, ಪೇಟೆಯಿಂದ ಬಂದೋರು ನಿಂತಿದ್ರು. ನಿನ್ನ ಪೆಟ್ಟಿಗೆ ಹೊಸ್ದು, ಎಳೇದು, ಅಷ್ಟು ನೀರು ಹೊತ್ಕಂಡದಾ ಅಂತ ನನ್ನ ಜೀವ ಹೊಡ್ಕತು. ಒದ್ದೆ ಹಾಳೆ ಬಂದು ನಾಕ್ ಜನದ ಮುಂದೆ ನಿನ್ನ ಮುಖ ಸಪ್ಪಗಾಗೋದ್ನ ನಾ ಹೆಂಗವ್ವ ನೋಡ್ಲಿ? ಒಂದು ಕಾಲು ಸುತ್ತು ಬುಟ್ಟೆ. ಕಾಲೇ ಸುತ್ತು, ನಿನ್ನಾಣೆಗೂ."

"ಕಾಲು ಸುತ್ತಿಗೆ ಇಷ್ಟು ಬಿಸಿ ಬರಲ್ಲ ಮಾವ."

ಮಾದಯ್ಯ ಕೆಳಗಿಳಿದು ವಾಲ್ವಿನ ಚಕ್ರಕ್ಕೆ ಕೈ ಹಾಕಿದ. ಮುಚ್ಚಲು ತಿರುವುತ್ತ ಎಣಿಸಿದ. ಒಂದು ಸುತ್ತು. ಎರಡು. ಮೂರು. ಅವನ ಮುಖ ಬಣ್ಣಗೆಟ್ಟಿತು. ಆರನೆಯ ಸುತ್ತು ಮುಗಿದು ಇನ್ನೂ ಅರ್ಧ ತಿರುಗಿದ ಮೇಲೆ ಚಕ್ರ ನಿಂತಿತು.

"ಇದ್ಯಾವ ಮಾಟ!" ಎಂದ.

ಮಾಟವಲ್ಲವೆಂದು ಹತ್ತು ನಿಮಿಷದಲ್ಲಿ ತಿಳಿಯಿತು. ಪಾಳಿ ಮುಗಿಸಿ ಹೊರಟಿದ್ದ ಮರಿಸ್ವಾಮಿಯನ್ನು ಮಾದಯ್ಯ ಮೆಟ್ಟಿಲ ಮೇಲೆಯೇ ತಡೆದ. ಮರಿಸ್ವಾಮಿ ಮೊದಲು ಆಕಾಶ ನೋಡಿದ, ಆಮೇಲೆ ಒಪ್ಪಿಕೊಂಡ. ಮೇಡಂಗೆ ತೊಂದರೆಯಾಗಬಾರದೆಂದು ದಿನಾ ತನ್ನ ಪಾಳಿಯಲ್ಲಿ ಕಾಲು ಸುತ್ತು ತೆರೆಯುತ್ತಿದ್ದ. ಜೋಸೆಫನೂ ಅಷ್ಟೇ. ಮಾದಯ್ಯನೂ ಎರಡನೆಯ ದಿನದಿಂದ ದಿನಕ್ಕೊಂದು ಕಾಲು ಸೇರಿಸಿದ್ದ, ಆಣೆ ಹಾಕುವ ಗಡಿಬಿಡಿಯಲ್ಲಿ ಅದನ್ನು ಮರೆತಿದ್ದ. ಒಬ್ಬರು ಇನ್ನೊಬ್ಬರಿಗೆ ಹೇಳಿರಲಿಲ್ಲ. ಗುಟ್ಟಾಗಿ ಮಾಡಿದ ಉಪಕಾರವನ್ನು ಯಾರು ತಾನೇ ಹೇಳಿಕೊಂಡು ತಿರುಗುತ್ತಾರೆ? ಒಂಬತ್ತು ದಿನ, ಮೂರು ಪಾಳಿ, ಪಾಳಿಗೊಂದು ಕಾಲು. ಸುಮಾರಾಗಿ ಲೆಕ್ಕ ಸರಿಹೋಗುತ್ತಿತ್ತು.

ಚಂಪಾಗೆ ಸಿಟ್ಟು ಬರಬೇಕಿತ್ತು. ನೂರನಲವತ್ತು ಮನೆಯ ಅನ್ನದ ಪ್ರಶ್ನೆಯಲ್ಲಿ ಒಂಬತ್ತು ದಿನ ಆವಿಯಾಗಿ ಹೋಗಿತ್ತು. ಬೈಯಲೆಂದು ಬಾಯಿ ತೆರೆದವಳಿಗೆ ಪೈಪಿನ ಮೇಲೆ ಸುತ್ತಿದ್ದ ಆ ಹಗ್ಗ ಕಣ್ಣಿಗೆ ಬಿತ್ತು. ಕದ್ದು ಬಿಟ್ಟ ಉಗಿಯ ಪೈಪಿಗೂ ಯಾರದೋ ಕೈ ಸುಟ್ಟೀತೆಂದು ಹಗ್ಗ ಸುತ್ತುವವರನ್ನು ಹೇಗೆ ಬೈಯುವುದು?

"ನೀವೆಲ್ಲ ಸೇರಿ ನನ್ನ ಪೆಟ್ಟಿಗೇನ ಉಪವಾಸ ಕೆಡವಿದ್ರಿ ಮಾವ," ಎಂದಳು. "ಅದಕ್ಕೆ ನೀರೇ ಊಟ. ಭಾರ ಅಲ್ಲ."

ಮಾದಯ್ಯ ಜೇಬಿನಿಂದ ಸ್ಪ್ಯಾನರ್ ತೆಗೆದು, ವಾಲ್ವಿನ ಮೇಲಿನ ನಟ್ಟು ಬಿಚ್ಚಿ, ಚಕ್ರವನ್ನೇ ಕಳಚಿದ. ಸಾರಿನ ತಟ್ಟೆಯಗಲದ ಆ ಕಬ್ಬಿಣದ ಚಕ್ರವನ್ನು ಟವೆಲ್ಲಿನಿಂದ ಒರೆಸಿ ಅವಳ ಕೈಗಿಟ್ಟ.

"ಇದು ನಿನ್ನ ತಾವೇ ಇರ್ಲಿ. ನನ್ನ ಕೈ ನಂಬಕ್ಕಾಗಲ್ಲ."

ಅವಳು ಆ ಚಕ್ರವನ್ನು ಚೀಲದಲ್ಲಿ ಹಾಕಿಕೊಂಡೇ ಗಫಾರ್ ಸಾಹೇಬರ ಕೋಣೆಗೆ ಹೋದಳು. ಬರುವ ಹಾಳೆಯ ಬಗ್ಗೆ ಪೆಟ್ಟಿಗೆ ಹೇಳುತ್ತಿದ್ದ ಲೆಕ್ಕವೇ ಸರಿ ಎಂದಳು, ತಪ್ಪು ಎಲ್ಲಿತ್ತೆಂದು ಸಿಕ್ಕಿದೆ, ಇವತ್ತಿನಿಂದ ಉಳಿದ ಆರು ದಿನ ಸಾಕು ಎಂದಳು. ತಪ್ಪು ಯಾರದೆಂದು ಹೇಳಲಿಲ್ಲ. ಚೀಲ ಒಂದು ಕಡೆಗೆ ಜಗ್ಗಿ ನೇತಾಡುತ್ತಿತ್ತು. ಚಕ್ರದ ಅಂಚು ಹೊರಗೆ ಇಣುಕಿತ್ತು.

ಸಾಹೇಬರು ಚೀಲವನ್ನೂ ಅವಳನ್ನೂ ನೋಡಿದರು. ಅವರೂ ಮೂವತ್ತು ವರ್ಷ ಮಿಲ್ಲಿನಲ್ಲಿ ಕಳೆದವರು. ಯಾವ ಚಕ್ರ ಎಲ್ಲಿಯದೆಂದು ಅವರಿಗೆ ತಿಳಿಯದೆ ಇರಲಿಕ್ಕಿಲ್ಲ.

"ನಾನು ಕೇಳಲ್ಲ, ನೀವು ಹೇಳಬೇಡಿ," ಎಂದರು. "ಆರು ದಿನ."

ಹತ್ತು ಗಂಟೆಗೆ ಉರುಳೆಗಳು ಒಪ್ಪಿದ ಒತ್ತಡಕ್ಕೆ ನಿಜವಾಗಿ ಇಳಿದವು. ಕಂಟ್ರೋಲ್ ರೂಮಿನ ಪರದೆಯ ಮೇಲೆ, ಬರುವ ನೀರಿನ ಗೆರೆ ಆರರಿಂದ ಮೇಲೆದ್ದಿತು. ಒಂಬತ್ತು, ಹನ್ನೆರಡು, ಹದಿನೈದು. ಎಡ ಅಂಚಿನಲ್ಲಿ ಅದು ನಿಲ್ಲಲಿಲ್ಲ. ಹದಿನೆಂಟು, ಇಪ್ಪತ್ತು, ಇಪ್ಪತ್ತೆರಡು. ಹಳೆಯ ಕಾಯಿಲೆ ಮೊದಲ ಸಲ ಮುಖ ಮುಚ್ಚಿಕೊಳ್ಳದೆ ಎದುರಿಗೆ ಬಂದಿತ್ತು. ಕೆಳಗೆ ಮಶೀನಿನ ಪಕ್ಕ ಮಾದಯ್ಯ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನಿಂತಿದ್ದ. ಪಾಳಿ ಮುಗಿದರೂ ಮರಿಸ್ವಾಮಿ ಮನೆಗೆ ಹೋಗಿರಲಿಲ್ಲ.

ಪೆಟ್ಟಿಗೆಯ ಎಡಗಡೆಯ ಎಂಟು ಬಾಯಿಗಳು ಪೂರ್ತಿ ಶಕ್ತಿಗೆ ಏರಿದವು. ನಡುವಿನವು ಅರ್ಧಕ್ಕೆ, ಬಲಗಡೆಯ ಒಂದೆರಡು ಬಹುತೇಕ ಸುಮ್ಮನಾದವು. ಪೆಟ್ಟಿಗೆಯ ಮೇಲಿನ ಕೊಳವೆಯಿಂದ ಮೊಟ್ಟಮೊದಲ ಸಲ ದಟ್ಟನೆಯ ಬಿಳಿಯ ಹಬೆ ಹೊರಟಿತು. ಇಷ್ಟು ದಿನ ಅಲ್ಲಿ ಅಂಥ ಹಬೆಯೇ ಇರಲಿಲ್ಲವೆಂಬುದು ಅದನ್ನು ಕಂಡಾಗಲೇ ಎಲ್ಲರಿಗೂ ಹೊಳೆದದ್ದು. ಆಚೆ ಕಡೆಯಿಂದ ಹಾಳೆ ಹೊರಬಂತು. ಪರದೆಯ ಮೇಲೆ ಹೊರಡುವ ನೀರಿನ ಗೆರೆ ಈ ಅಂಚಿನಿಂದ ಆ ಅಂಚಿಗೆ ಕೆರೆಯ ನೀರಿನಂತೆ ಸಮತಟ್ಟಾಗಿ ನಿಂತಿತ್ತು. ಏಳು.

"ಎಡ್ಗಡೆ?" ಎಂದು ಮಾದಯ್ಯ ಕೆಳಗಿನಿಂದಲೇ ಕೂಗಿದ.

"ಏಳು!"

"ಸರಿಯಾಗಿ ನೋಡವ್ವ!"

"ಏಳೇ ಮಾವ!"

ಆರು ದಿನವೂ ಹಾಳೆ ಹಾಗೆಯೇ ಓಡಿತು. ಎರಡು ಸಲ ಹರಿಯಿತು, ಒಂದು ಸಲ ಪೆಟ್ಟಿಗೆಯ ಮೂರು ಬಾಯಿಗಳು ಕೆಟ್ಟು ಅಕ್ಕಪಕ್ಕದವು ಅವುಗಳ ಕೆಲಸ ಹಂಚಿಕೊಂಡವು. ಬಾಯ್ಲರಿನ ಮೀಟರು ಎಂಟರಲ್ಲೊಂದು ಪಾಲಿಗಿಂತ ತುಸು ಹೆಚ್ಚೇ ಉಳಿತಾಯ ತೋರಿಸಿತು. ಮೊದಲು ಐದು ಪಾಲು ನೀರಿಗೆ ಒಣಗಿಸುತ್ತಿದ್ದ ಹಾಳೆ ಈಗ ಏಳಕ್ಕೇ ಹದವಾಗುತ್ತಿದ್ದುದರಿಂದ ಅಷ್ಟೇ ನಾರಿಗೆ ತೂಕವೂ ಕೊಂಚ ಹೆಚ್ಚು ಸಿಕ್ಕಿತು, ಮಶೀನೂ ಮೊದಲಿಗಿಂತ ವೇಗವಾಗಿ ಓಡಿತು. ಇದನ್ನೆಲ್ಲ ಕೂಡಿಸಿದರೆ ಕರೆಂಟಿನ ಖರ್ಚು ಕಳೆದು ಕೈಯಲ್ಲಿ ಉಳಿಯುತ್ತಿತ್ತು. ಗಫಾರ್ ಸಾಹೇಬರು ಲೆಕ್ಕವನ್ನು ಮೂರು ಸಲ ಮಾಡಿ, ಕೊನೆಗೆ ಪೆನ್ನು ಮುಚ್ಚಿದರು.

"ಮೀಟರುಗಳ ಮಾತು ಕೇಳಿದ್ದಾಯ್ತು," ಎಂದರು. "ಇನ್ನು ಮೂಲೆ ಮಡಿಸೋರನ್ನ ಕರೆಸಿ."

ಹದಿನಾರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಚಿಕ್ಕತಾಯಮ್ಮ ಎಣಿಕೆ ಹಾಲಿಗೆ ಬಂದಳು. ಮಗಳ ಮದುವೆಗೆಂದು ತೆಗೆದಿರಿಸಿ, ಮದುವೆ ಬೇಡವೆಂದು ಮಗಳು ಹೇಳಿದ ಮೇಲೆ ಉಡದೇ ಉಳಿದಿದ್ದ ಕೆಂಪಂಚಿನ ಸೀರೆಯನ್ನು ಉಟ್ಟಿದ್ದಳು. ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ಎದ್ದು ನಿಂತರು. ಒಬ್ಬಳು ತನ್ನ ಸ್ಟೂಲನ್ನೇ ತಂದಿಟ್ಟಳು. ಅವಳ ಹಳೆಯ ಜಾಗದಲ್ಲಿ, ಕಿಟಕಿಯ ಪಕ್ಕ, ಹೊಸ ಕಾಗದದ ಕಟ್ಟು ಕಾದಿತ್ತು. ಮಾದಯ್ಯ ಬಾಗಿಲ ಬಳಿ, ಟವೆಲ್ಲನ್ನು ಕೈಗೆ ಸುತ್ತಿಕೊಂಡು ನಿಂತಿದ್ದ.

ಚಿಕ್ಕತಾಯಮ್ಮ ಕಟ್ಟನ್ನು ಮುಟ್ಟಲಿಲ್ಲ. "ನಡುವಿಂದು ಯಾರಿಗೆ ಬೇಕು? ಎಡ ಅಂಚಿಂದು ತತ್ತಾ," ಎಂದಳು.

"ಇದೇ ಎಡ ಅಂಚಿಂದು ಅಮ್ಮ," ಎಂದಳು ಚಂಪಾ.

ಅಮ್ಮ ಮಗಳ ಕಡೆ ಸಂಶಯದಿಂದ ನೋಡಿದಳು. ಕಟ್ಟಿನ ಒಂದು ತುದಿ ಹಿಡಿದು ಬೀಸಣಿಗೆಯಂತೆ ಬಿಚ್ಚಿದಳು. ಹಾಳೆಗಳು ಒಂದರ ಮೇಲೊಂದು ಜಾರಿ ನಿಂತವು, ಎಲ್ಲಿಯೂ ಅಂಟಿಕೊಳ್ಳಲಿಲ್ಲ. ಮೂವತ್ತು ವರ್ಷ ಆ ಅಂಚಿನ ಹಾಳೆಗಳು ಅವಳ ಬೆರಳಿಗೆ ಒಂದೋ ಅಂಟುತ್ತಿದ್ದವು, ಇಲ್ಲವೇ ಕೊರೆಯುತ್ತಿದ್ದವು. ಒಂದನ್ನು ಎಳೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಕೆನ್ನೆಗೆ ಒತ್ತಿಕೊಂಡಳು.

ಹೆಬ್ಬೆರಳು ಮೂಲೆಯ ಮೇಲೆ ಬಂತು. ಮೂಲೆ ಮಡಿದುಕೊಂಡಿತು.

ಸದ್ದಿಲ್ಲ.

ಚಿಕ್ಕತಾಯಮ್ಮ ಮಡಿಕೆಯ ಗೆರೆಯನ್ನು ಉಗುರಿನಿಂದ ಎಳೆದು, ಬಿಡಿಸಿ, ಬೆಳಕಿಗೆ ಹಿಡಿದಳು. ಗೆರೆ ಒಡೆದಿರಲಿಲ್ಲ. ಮತ್ತೆ ಮಡಿಸಿದಳು, ಈ ಸಲ ನಿಧಾನವಾಗಿ, ಹೆಬ್ಬೆರಳಿಗೆ ಪೂರ್ತಿ ಭಾರ ಕೊಟ್ಟು.

"ನಮ್ ಮಿಲ್ಲಿಂದು," ಎಂದಳು, ಎಲ್ಲರಿಗೂ ಕೇಳುವಂತೆ. ಆಮೇಲೆ ಮಗಳ ಕಡೆ ನೋಡದೆ, ಸೆರಗಿನಿಂದ ಕಣ್ಣೊರೆಸಿಕೊಂಡು, "ನನ್ ಮಗಳ್ದು," ಎಂದಳು.

ಹೆಂಗಸರಲ್ಲಿ ಯಾರೋ ಚಪ್ಪಾಳೆ ಶುರು ಮಾಡಿದರು. ಗಫಾರ್ ಸಾಹೇಬರು ಕನ್ನಡಕ ತೆಗೆದು ಸುಮ್ಮನೆ ಒರೆಸತೊಡಗಿದರು. ಚಂಪಾ ಆ ಹಾಳೆಯನ್ನು ಅಮ್ಮನ ಕೈಯಿಂದ ಇಸಿದುಕೊಂಡು ಬಾಗಿಲ ಕಡೆಗೆ ತಿರುಗಿದಳು. ಮಾದಯ್ಯ ಅಲ್ಲಿರಲಿಲ್ಲ.

ಅವನು ಮಶೀನಿನ ಹತ್ತಿರ ಸಿಕ್ಕಿದ. ಎಲ್ಲಿಂದಲೋ ಒಂದು ಮರದ ಸ್ಟೂಲು ತಂದು, ಪೆಟ್ಟಿಗೆಯ ಎಡ ತುದಿಯ ಎದುರಿಗೆ ಹಾಕಿಕೊಂಡು ಕುಳಿತಿದ್ದ. ಪಾಳಿಯ ಹೊತ್ತಿನಲ್ಲಿ ಮಾದಯ್ಯ ಕುಳಿತದ್ದನ್ನು ಆ ಮಿಲ್ಲಿನಲ್ಲಿ ಯಾರೂ ಕಂಡಿರಲಿಲ್ಲ. ಚಂಪಾ ಮೂಲೆ ಮಡಿಸಿದ ಹಾಳೆಯನ್ನು ಅವನ ತೊಡೆಯ ಮೇಲಿಟ್ಟಳು. ಅವನು ಅದನ್ನು ಮುಂಗೈಯಿಂದ ಒಮ್ಮೆ ಸವರಿದ.

ಹಿಂದೆಯೇ ಬಂದ ಚಿಕ್ಕತಾಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಏನ್ ಮಾದಯ್ಯ, ಸಂಬ್ಳ ಕುಂತ್ಕಳಕ್ಕಾ ಕೊಡೋದು? ಎದ್ದು ಕೆಲ್ಸ ನೋಡು."

"ಸುಮ್ನಿರಕ್ಕ," ಎಂದ ಮಾದಯ್ಯ, ಪೆಟ್ಟಿಗೆಯಿಂದ ಹೊರಬರುತ್ತಿದ್ದ ಬಿಳಿಯ ಹಾಳೆಯ ಮೇಲಿಂದ ಕಣ್ಣು ಕೀಳದೆ. "ಕುಂತ್ಕಂಡು ನೋಡ್ತೀನಿ ಅಂತ ಈ ಕೂಸಿಗೆ ಮಾತು ಕೊಟ್ಟಿವ್ನಿ."

ಹಬೆಯ ಕೊಳವೆಯಿಂದ ಬೆಚ್ಚನೆಯ ಗಾಳಿ ಇಳಿದು ಬರುತ್ತಿತ್ತು. ಅದಕ್ಕೆ ಒದ್ದೆ ಬಟ್ಟೆ ಒಣಗುವ ವಾಸನೆಯಿತ್ತು.